ಹಿಡಿಯಿಲ್ಲದ ಕಿಟಕಿ

ಹೀಟರ್ ಟಿಕ್ ಟಿಕ್ ಎನ್ನುತ್ತಲೇ ಇದೆ, ಹತ್ತೊಂಬತ್ತು ಮಕ್ಕಳು ಬಿಟ್ಟ ಉಸಿರು ಇನ್ನೂ ಕೋಣೆಯಲ್ಲೇ ಇದೆ, ಒದ್ದೆ ಉಣ್ಣೆ, ಬಾಳೆಹಣ್ಣಿನ ಸಿಪ್ಪೆ, ಯಾರೋ ಚಡ್ಡಿಯಲ್ಲೇ ಮಾಡಿಕೊಂಡದ್ದು, ಎಲ್ಲ ಸೇರಿ ಒಂದೇ ವಾಸನೆ, ಕಿಟಕಿ ತೆರೆಯೋಣವೆಂದರೆ ಹಿಡಿ ಇಲ್ಲ. ಬಿಚ್ಚಿಸಿದ್ದಾಳೆ. ತೆರೆಯಬೇಡ ಎಂದು ಬಾಯಲ್ಲಿ ಹೇಳಿದರೆ ಸಾಲದು, ಹಿಡಿಯನ್ನೇ ಬಿಚ್ಚಿಸಿ ತನ್ನ ಡ್ರಾಯರಿಗೆ ಹಾಕಿಕೊಂಡಿದ್ದಾಳೆ ಈ ಶಿಶುವಿಹಾರದ ಯಜಮಾನಿ ಲ್ಯುಬಿಂಕಾ, ಅದಿದ್ದಲ್ಲಿ ಈಗ ಒಂದು ಚೌಕ ತೂತು, ಬೆರಳ ತುದಿ ಇಟ್ಟರೆ ಹೊರಗಿನ ಫೆಬ್ರವರಿ ತಣ್ಣಗೆ ತಾಗುತ್ತದೆ. ನಾಲ್ಕು ಗಂಟೆಗೆ ತಾಯಂದಿರು ಬರುತ್ತಾರೆ, ಅವರ ಮುಂದೆ ನಾನು ಹೇಳಬೇಕು — ಕಿಟಕಿ ತೆರೆದದ್ದು ನಾನು, ಪುಟ್ಟ ದುನ್ಯಾಗೆ ಜ್ವರ ಬಂದದ್ದು ನನ್ನಿಂದ. ಹೇಳಿದರೆ ಇನ್ನೊಂದು ವರ್ಷ ಸರ್ಬಿಯಾದಲ್ಲಿ ಇರಲು ಬೇಕಾದ ಕಾಗದಕ್ಕೆ ಯಜಮಾನಿಯ ರುಜು ಬೀಳುತ್ತದೆ, ಹೇಳದಿದ್ದರೆ ಶುಕ್ರವಾರದ ನಂತರ ನಾನು ಇಲ್ಲಿ ಯಾರೂ ಅಲ್ಲ. ಅವಳೇ ಹೇಳಿಕೊಟ್ಟಿದ್ದಾಳೆ, ನೋಡು ಮಾರಿವಿಕ್, ನೀನು ಪಾಪ ಬಿಸಿಲಿನ ದೇಶದವಳು, ಗೊತ್ತಿರ್ಲಿಲ್ಲ ಅಂದ್ಬಿಡು, ಅಲ್ಲಿಗೆ ಮುಗೀತು. ಪಾಪವಂತೆ. ಗೊತ್ತಿರಲಿಲ್ಲವಂತೆ. ಹದಿನಾಲ್ಕು ತಿಂಗಳಲ್ಲಿ ಈ ನಿಶ್ ಪಟ್ಟಣ ನನಗೆ ಸರಿಯಾಗಿ ಕಲಿಸಿದ್ದು ಅದೊಂದನ್ನೇ, ಪ್ರೊಮಾಯಾ, ಎದುರುಬದುರು ಕಿಟಕಿ ಬಾಗಿಲ ನಡುವೆ ನುಗ್ಗುವ ಗಾಳಿ, ಕಿವಿ ಹೊಕ್ಕರೆ ಕಿವುಡು, ಸೊಂಟ ಹೊಕ್ಕರೆ ಹಾಸಿಗೆ, ದಿನಕ್ಕೆರಡು ಪ್ಯಾಕೆಟ್ ಸಿಗರೇಟು ಸುಡುವ ಜನ ಇಲ್ಲಿ ಸಾಯುವುದು ಮಾತ್ರ ಗಾಳಿಯಿಂದ. ಜುಲೈ ತಿಂಗಳಲ್ಲಿ ಬಸ್ಸಿನ ಕಿಟಕಿ ಸರಿಸಿದ್ದಕ್ಕೆ ಒಬ್ಬ ಮುದುಕಿ, ಏನಮ್ಮಾ, ನನ್ನನ್ನ ಇವತ್ತೇ ಹೂಳ್ಬೇಕಾ ನಿಂಗೆ. ನಾನು ನಗಲಿಲ್ಲ, ಮುಚ್ಚಿದೆ. ಫಿಲಿಪ್ಪೀನ್ಸಿನ ನಮ್ಮೂರು ಇಲೊಯಿಲೊದಲ್ಲಿ ನನ್ನ ಅಜ್ಜಿ ಇಸ್ತ್ರಿ ಹಾಕಿದ ಕೈಯನ್ನು ನೀರಿಗೆ ತಾಗಿಸಲು ಬಿಡುತ್ತಿರಲಿಲ್ಲ, ನರ ಸೆಟೆಯುತ್ತದೆ ಎಂದು, ಇವತ್ತಿಗೂ ಇಸ್ತ್ರಿಯಾದ ಮೇಲೆ ಒಂದು ಗಂಟೆ ನಾನು ಕೈ ತೊಳೆಯುವುದಿಲ್ಲ. ಅವರ ನಂಬಿಕೆಯ ಮೇಲೆ ನನಗೆ ಸಿಟ್ಟಿಲ್ಲ. ಈ ಜ್ವರದ ವಿಷಯದಲ್ಲಿ ಅವರಿಗೇ ಆ ನಂಬಿಕೆಯಿಲ್ಲ, ಅದಕ್ಕೆ ಸಿಟ್ಟು.

ಯಾಕೆಂದರೆ ಸೋಮವಾರ ಬೆಳಿಗ್ಗೆ ಬಂದಾಗಲೇ ದುನ್ಯಾಳ ಮೈ ಸುಡುತ್ತಿತ್ತು, ಐದು ವರ್ಷದ ಮಗು, ಟೋಪಿ ತೆಗೆದರೆ ಎಡಕಿವಿಯಲ್ಲಿ ಹತ್ತಿ, ತಲೆ ಮುಟ್ಟಿ, ಮೂಗು ಮುಟ್ಟಿ ಎಂದು ಹಾಡಿಸುತ್ತಿದ್ದೆ, ಅವಳು ಕಿವಿ ಮಾತ್ರ ಮುಟ್ಟಲಿಲ್ಲ, ನಾನು ಕಲಿಸಿದ ಇಂಗ್ಲಿಷಿನಲ್ಲೇ ಹೇಳಿದಳು — ಕಿವಿ ಬಿಸಿ, ಅಮ್ಮ ಸಿರಪ್ ಕೊಟ್ಟಳು, ಹೇಳಬಾರದು — ವರ್ಷವಿಡೀ ಯಾವ ಮಗುವೂ ಅಷ್ಟು ಉದ್ದ ಮಾತಾಡಿರಲಿಲ್ಲ, ನನಗೆ ಮೊದಲು ಬಂದದ್ದು ಹೆಮ್ಮೆ, ಥೂ. ಯಜಮಾನಿಗೆ ಹೇಳಿದೆ, ಮನೆಗೆ ಕಳಿಸೋಣ ಎಂದೆ, ಸಂಜೆವರೆಗೆ ನೋಡೋಣ ಎಂದಳು. ಕಿಟಕಿ ತೆರೆದದ್ದು ಮಧ್ಯಾಹ್ನ, ಇನ್ನೊಂದು ಮಗು ವಾಂತಿ ಮಾಡಿದಾಗ, ಐದೇ ನಿಮಿಷ. ಅಡುಗೆಯ ರಾದೊಯ್ಕಾಗೂ ಎಲ್ಲ ಗೊತ್ತು, ಬೀನ್ಸ್ ಕಾಳಿನ ಸಾರು ಕದಡುತ್ತಾ ಹೇಳಿದಳು, ಸುಮ್ನಿರೆ ಮಗಳೆ, ದುನ್ಯಾಳ ಅಮ್ಮ ಆ ಯೆಲಿಸಾವೆತಾ ತಂತಿ ಕಾರ್ಖಾನೇಲಿ ಈ ತಿಂಗಳು ಮೂರು ಸಲ ರಜಾ ಹಾಕಿದಾಳೆ, ಇನ್ನೊಂದು ಹಾಕಿದ್ರೆ ಮನೇಗೆ. ಜ್ವರದ ಮಗೂನ ತಂದು ಬಿಟ್ಲು ಅಂತ ಗೊತ್ತಾದ್ರೆ ಉಳಿದ ತಾಯಂದಿರು ಅವಳ ಚರ್ಮ ಸುಲೀತಾರೆ, ಆ ಮಗೂನ ಶಾಲೆ ಬಿಡಿಸ್ತಾರೆ. ಗಾಳಿ ಮೇಲೆ ಹಾಕಿದ್ರೆ ಯಾರಿಗೂ ನಷ್ಟ ಇಲ್ಲ. ಯಾರಿಗೂ. ಆ ಲೆಕ್ಕದಲ್ಲಿ ನಾನಿಲ್ಲ. ಶಾಲೆಯ ಜಾಹೀರಾತಿನ ಬಣ್ಣದ ಹಾಳೆಯಲ್ಲೂ ನಾನಿಲ್ಲ, ಇಂಗ್ಲಿಷ್ ಶಿಕ್ಷಕಿ ಎಂಬ ಅಕ್ಷರದ ಮೇಲೆ ಯಾವಳೋ ಹಳದಿ ಕೂದಲಿನವಳು ನಗುತ್ತಾಳೆ, ಕೇಳಿದ್ದಕ್ಕೆ ಲ್ಯುಬಿಂಕಾ, ಅಯ್ಯೋ, ನಿನ್ನ ಫೋಟೊ ಸ್ಪಷ್ಟ ಇರ್ಲಿಲ್ಲ ಕಣೆ. ತಪ್ಪು ಒಪ್ಪಿಕೊಳ್ಳಲು ಮಾತ್ರ ನನ್ನ ಮುಖ ಸ್ಪಷ್ಟವಾಗಿದೆ.

ತಾಯಂದಿರು ಬಂದರು, ಬೂಟು ಬಿಚ್ಚಿ ಚಪ್ಪಲಿ ಹಾಕಿಕೊಂಡು ಮಕ್ಕಳ ಕುರ್ಚಿಗಳ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕೂತರು. ನಿಜ ಹೇಳುತ್ತೇನೆ, ಕಾಗದ ಹಾಳಾಗಿ ಹೋಗಲಿ ಎಂದುಕೊಂಡೇ ಎದ್ದು ನಿಂತೆ, ಬಾಯಿ ತೆರೆದೆ — ಯೆಲಿಸಾವೆತಾ ಪಕ್ಕದಲ್ಲಿದ್ದ ದುನ್ಯಾಳ ಕಿವಿಯ ಮೇಲೆ ಕೈಯಿಟ್ಟಳು, ಕೇಳಿಸದಿರಲಿ ಎಂದು, ತಂತಿ ಕುಯ್ದ ಬೆರಳುಗಳು, ಪ್ರತಿ ಗೆಣ್ಣಿನ ಮೇಲೂ ಕಪ್ಪು ಗೀರು. ಕಿಟಕಿ ನಾನೇ ತೆರೆದೆ, ಅಂದೆ, ನನಗೆ ಗೊತ್ತಿರಲಿಲ್ಲ. ಅಷ್ಟೇ, ಕೋಣೆಯೆಲ್ಲ ಸಡಿಲಾಯಿತು, ಯಾರೋ ನನಗೆ ಉಣ್ಣೆಯ ಒಳಂಗಿ ತಂದುಕೊಡುತ್ತೇನೆಂದರು, ಸೊಂಟ ಮುಚ್ಕೊಂಡಿರು ಮಗಳೆ, ಮುಂದೆ ಮಕ್ಕಳಾಗ್ಬೇಕಲ್ಲ. ಲ್ಯುಬಿಂಕಾ ಎಲ್ಲರಿಗೂ ಕಾಫಿ ಹಾಕಿಸಿದಳು, ನೋಡಿ, ಈಗ ನಮ್ಮವಳೇ ಆದ್ಲು. ಯೆಲಿಸಾವೆತಾ ಎದ್ದು ಬಂದಳು, ನನ್ನ ಕಣ್ಣು ನೋಡಲಿಲ್ಲ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

ಹೋಗ್ಲಿ ಬಿಡು. ನಾನು ಕ್ಷಮಿಸಿದೀನಿ.

ಕ್ಷಮಿಸಿದ್ದಾಳೆ, ಅವಳು, ನನ್ನನ್ನು, ಕೈಯಲ್ಲಿ ಕಾಫಿ ಸುಡುತ್ತಿದೆ, ಉಸಿರು ಬೇಕು, ಕಿಟಕಿಗೆ ಬಂದರೆ ರಾದೊಯ್ಕಾ ನನಗಿಂತ ಮೊದಲೇ ಅಲ್ಲಿ ನಿಂತಿದ್ದಾಳೆ, ಇಲ್ಲಿಂದ್ಲೂ ಗಾಳಿ ಬರ್ತಿದೆ ನೋಡು ಅಂತ ಏನನ್ನೋ ಹೆಬ್ಬೆರಳಿನಿಂದ ಒತ್ತುತ್ತಿದ್ದಾಳೆ, ಒತ್ತಿ, ಇನ್ನಷ್ಟು ಒತ್ತಿ, ಬೆರಳು ತೆಗೆದಳು — ಚೌಕ ತೂತು, ತೂತಿನ ತುಂಬ ಹತ್ತಿ.