ತಿದ್ದುವವರಿಲ್ಲದ ಪುಟಗಳು

ಪ್ರೊಫೆಸರ್ ದೊರೆಸ್ವಾಮಿಯವರು ಕಾಗದದ ಕಟ್ಟನ್ನು ಮೇಜಿನ ಈಚೆಗೆ ತಳ್ಳಿದರು. ಮೇಲಿನ ಹಾಳೆಯಲ್ಲಿ ಕೆಂಪು ಮಸಿಯಲ್ಲಿ ಒಂದೇ ಸಾಲು: ಭಾಷೆ ಸಾಲದು, ಮತ್ತೆ ಬರೆಯಿರಿ. ಉಳಿದ ನೂರಿಪ್ಪತ್ತು ಹಾಳೆಗಳಲ್ಲಿ ಒಂದು ಗೆರೆಯೂ ಇರಲಿಲ್ಲ. ಶಿವಕುಮಾರಿಯ ಎಂ.ಎ. ಪ್ರಬಂಧ ಹೀಗೆ ವಾಪಸು ಬಂದದ್ದು ಇದು ಮೂರನೆಯ ಸಲ.

"ಎಲ್ಲಿ ತಪ್ಪಾಗಿದೆ ಅಂತ ಹೇಳಿದ್ರೆ ತಿದ್ಕೊಂಡು ಬರ್ತೀನಿ ಸಾರ್."

"ಎಲ್ಲಾ ಕಡೇನೂ ಆಗಿದೆ. ಯಾವುದು ಅಂತ ಹೇಳ್ಲಿ?" ಅವರ ಪಕ್ಕದಲ್ಲಿ ಪರೀಕ್ಷೆಯ ಉತ್ತರ ಪತ್ರಿಕೆಗಳು ಎದೆಯೆತ್ತರ ಬೆಳೆದಿದ್ದವು. "ನೋಡಮ್ಮ, ಹನ್ನೊಂದು ಜನ ಇದೀರಿ. ಒಬ್ಬೊಬ್ಬರ ವಾಕ್ಯ ಸರಿಮಾಡ್ತಾ ಕೂತ್ರೆ ನಾನು ಪಾಠ ಮಾಡೋದು ಯಾವಾಗ? ನನಗೂ ಯಾರೂ ಹೇಳಿಕೊಡಲಿಲ್ಲ. ನಾನು ಬರೀಲಿಲ್ವಾ? ಫೆಬ್ರವರಿ ಹದಿನೈದು ಕಡೇ ದಿನ. ನೆನಪಿರಲಿ."

ಅವರು ಕೆಟ್ಟವರಲ್ಲ. ತರಗತಿಯಲ್ಲಿ ಯಾರನ್ನೂ ಹೀಯಾಳಿಸಿದವರಲ್ಲ. ಅದಕ್ಕೇ ಶಿವಕುಮಾರಿಗೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಅವಳು ಚಾಮರಾಜಪೇಟೆಯವಳು. ತಂದೆ ಮಲ್ಲಿಕಾರ್ಜುನಯ್ಯನವರದು ಪೇಟೆಯಲ್ಲಿ ಬಟ್ಟೆಯಂಗಡಿ. ಕನ್ನಡ ಶಾಲೆಯಲ್ಲಿ ಕಲಿತು, ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ಮಾವಳ್ಳಿಯ ಗಲ್ಲಿಗಳಲ್ಲಿ ಊದುಬತ್ತಿ ಹೊಸೆಯುವ ಹೆಂಗಸರ ದುಡಿಮೆಯ ಮೇಲೆ ಅವಳ ಪ್ರಬಂಧ. ಎಂಟು ತಿಂಗಳು ಅವರ ಜೊತೆ ನೆಲದ ಮೇಲೆ ಕೂತು, ಅವರು ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದಳು. ತಿಮ್ಮಕ್ಕ ಎಂಬಾಕೆ ಕೆಮ್ಮುತ್ತಲೇ, "ಹೂಂ ಕಣವ್ವ, ಬರ್ಕೊ. ನಮ್ಮನ್ನ ಇದುವರ್ಗೂ ಯಾರೂ ಕೇಳಿಲ್ಲ" ಎಂದಿದ್ದಳು. ಕನ್ನಡದಲ್ಲಿ ಆ ಟಿಪ್ಪಣಿಗಳು ಜೀವಂತವಾಗಿದ್ದವು. ಪ್ರಬಂಧ ಮಾತ್ರ ಇಂಗ್ಲಿಷಿನಲ್ಲೇ ಇರಬೇಕು.

ಮುಂದಿನ ವಾರವೆಲ್ಲ ಅವಳು ಆವರಣದಲ್ಲಿ ಅಲೆದಳು. ಗ್ರಂಥಾಲಯದಲ್ಲಿ ಹಳೆಯ ಪ್ರಬಂಧವೊಂದನ್ನು ನೋಡಬೇಕೆಂದರೆ ಪ್ರೊಫೆಸರ ಚೀಟಿ ಬೇಕೆಂದರು. ಚೀಟಿ ಕೇಳಲು ಹೋದರೆ ಪ್ರೊಫೆಸರು ಸಭೆಯಲ್ಲಿದ್ದರು. ಇಂಗ್ಲಿಷ್ ವಿಭಾಗದ ಉಪನ್ಯಾಸಕರು, "ಅರ್ಥಶಾಸ್ತ್ರದವರದ್ದು ನಾವು ಮುಟ್ಟೋ ಹಾಗಿಲ್ಲಮ್ಮ" ಎಂದು ಕಳಿಸಿಬಿಟ್ಟರು. ಸಹಪಾಠಿ ವರದರಾಜನನ್ನು ಕೇಳಿದಳು. ಅವನ ಪ್ರಬಂಧಕ್ಕೆ ಮೊದಲ ಸಲಕ್ಕೇ ಸಹಿ ಬಿದ್ದಿತ್ತು.

"ನೀವು ಹೇಗೆ ಬರೆದ್ರಿ?"

"ಹೇಗೆ ಅಂದ್ರೆ... ಬರೀತಾ ಬರೀತಾ ಬರುತ್ತೆ ರೀ," ಎಂದು ಅವನು ಬೇರೆ ಕಡೆ ನೋಡಿದ. ಕೊನೆಗೆ ಒಂದು ವ್ಯಾಕರಣದ ಪುಸ್ತಕ ತಂದುಕೊಟ್ಟ.

ಅದನ್ನು ಹಿಂದಿರುಗಿಸಲು ಒಂದು ಭಾನುವಾರ ಬೆಳಿಗ್ಗೆ ಬಸವನಗುಡಿಯ ಅವನ ಮನೆಗೆ ಹೋದಾಗ ಜಗುಲಿಯ ಮೇಲೆ ಅವನ ತಂದೆ ಕೂತಿದ್ದರು. ರಾಮಸ್ವಾಮಿ ಮೇಷ್ಟ್ರು, ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವರು. ಕೈಯಲ್ಲಿ ವರದರಾಜನ ಹೊಸ ಲೇಖನ, ಹಾಳೆಯ ತುಂಬ ಪೆನ್ಸಿಲ್ ಗುರುತು. ಅವಳನ್ನು ಕಂಡು ಪಕ್ಕದಲ್ಲಿದ್ದ ವರದರಾಜನ ಮುಖ ಇಳಿದುಹೋಯಿತು.

"ನೀನೂ ಇವನ ಕ್ಲಾಸೇನಮ್ಮ? ನಿನ್ನದನ್ನ ಯಾರು ನೋಡ್ತಾರೆ?" ಮೇಷ್ಟ್ರು ಕೇಳಿದರು.

"ಯಾರೂ ಇಲ್ಲ ಸಾರ್." ಅವಳು ಚೀಲದಿಂದ ಪ್ರಬಂಧ ತೆಗೆದು ಅವರ ಮುಂದಿಟ್ಟಳು.

ಒಳಗಿನಿಂದ ವರದರಾಜನ ತಾಯಿ ಅಂಬುಜಮ್ಮ ಕಾಫಿ ತಂದುಕೊಟ್ಟರು. ಮೇಷ್ಟ್ರು ಅವಳ ಮೊದಲ ಪುಟವನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು. "ಇಲ್ಲಿ ಹೊಸೆದಿದ್ದು ಯಾರು? ಕನ್ನಡದಲ್ಲಿ ಹೇಳದಿದ್ರೂ ಗೊತ್ತಾಗುತ್ತೆ. ಇಂಗ್ಲಿಷ್‌ನಲ್ಲಿ ಆ ಹೆಂಗಸರನ್ನ ವಾಕ್ಯದ ಮೊದಲಿಗೇ ತಂದು ನಿಲ್ಲಿಸಲೇಬೇಕು. ನಾನು ಬರೆಯೋಲ್ಲ, ನೀನೇ ಬರಿ."

ಬರೆದಳು. ಎರಡು ವರ್ಷದಲ್ಲಿ ಯಾರೂ ಹೇಳದ ಮಾತು ಒಂದು ಗಂಟೆಯಲ್ಲಿ ತಿಳಿಯಿತು. ಅವಳು ದಡ್ಡಿಯಲ್ಲ, ಅವಳಿಗೆ ತೋರಿಸುವವರಿರಲಿಲ್ಲ, ಅಷ್ಟೆ. ಆದರೆ ಉಳಿದಿದ್ದದ್ದು ಆರೇ ದಿನ. ದಿನವೂ ಕಾಲೇಜು ಮುಗಿಸಿ ಬಸವನಗುಡಿಗೆ ನಡೆದಳು. ಹದಿನೈದನೆಯ ತಾರೀಖಿನ ಹೊತ್ತಿಗೆ ಮೂವತ್ತೆಂಟು ಪುಟ ಸರಿಹೋಗಿತ್ತು. ಉಳಿದದ್ದು ಹಾಗೇ ಇತ್ತು.

ದೊರೆಸ್ವಾಮಿಯವರು ನಿಧಾನವಾಗಿ ಹಾಳೆ ಮಗುಚಿದರು. ಯಾವುದೋ ಅರ್ಜಿ ನಮೂನೆಗೆ ಸಹಿ ಹಾಕಿಸಿಕೊಳ್ಳಲು ಬಂದ ವರದರಾಜ ಬಾಗಿಲ ಹತ್ತಿರ ನಿಂತಿದ್ದ.

"ಮೊದಲ ಮೂವತ್ತೆಂಟು ಪುಟ ಒಬ್ಬರದು, ಮಿಕ್ಕಿದ್ದು ಇನ್ನೊಬ್ಬರದು. ಯಾರ ಕೈಲಿ ಬರೆಸಿದೆ?"

"ನಾನೇ ಬರೆದಿದ್ದು ಸಾರ್. ತಿದ್ದಿಕೊಳ್ಳೋದು ಹೇಗೆ ಅಂತ ಒಬ್ಬರು ತೋರಿಸಿದ್ರು."

"ಹಾಗಂತ ಎಲ್ಲರೂ ಹೇಳ್ತಾರೆ. ಇದಕ್ಕೆ ನಾನು ಸಹಿ ಹಾಕಲಾರೆ."

ವರದರಾಜ ಎರಡು ಹೆಜ್ಜೆ ಮುಂದೆ ಬಂದ. "ತೋರಿಸಿದ್ದು ನಮ್ಮ ತಂದೆ ಸಾರ್. ನನ್ನದನ್ನೂ ಅವರೇ ನೋಡಿದ್ದು. ಮೊದಲಿಂದ ಕಡೇವರೆಗೂ. ನನ್ನದಕ್ಕೆ ನೀವು ಸಹಿ ಹಾಕಿದ್ರಿ."

ದೊರೆಸ್ವಾಮಿಯವರು ಹಾಳೆಗಳನ್ನು ಜೋಡಿಸಿ ಮೇಜಿನ ಮೇಲಿಟ್ಟರು.

"ನಿನ್ನದು ಪೂರ್ತಿ ಒಂದೇ ಸಮ ಇತ್ತು," ಎಂದರು ಪ್ರೊಫೆಸರು. ಹೇಳಿದ ಮೇಲೆ ಆ ಮಾತು ಅವರಿಗೇ ಹೇಗೆ ಕೇಳಿಸಿತೋ, ಕನ್ನಡಕ ತೆಗೆದು ಒರೆಸತೊಡಗಿದರು. ಆದರೆ ಸಹಿ ಹಾಕಲಿಲ್ಲ. ಸಂಜೆ ಕಚೇರಿ ಮುಚ್ಚಿತು.

ಮನೆಯಲ್ಲಿ ಮಲ್ಲಿಕಾರ್ಜುನಯ್ಯನವರು ಗದರಲಿಲ್ಲ. "ನಾನು ಓದ್ಬೇಡ ಅಂದ್ನಾ ಮಗಳೇ? ಎರಡು ವರ್ಷ ಅಂದಿದ್ದೆ, ಆಯ್ತು. ತುಮಕೂರಿನ ಗಂಡಿನ ಮನೆಯವರು ಇನ್ನೆಷ್ಟು ಕಾಯ್ತಾರೆ?" ಎಂದರು. ತಾಯಿ ಶೈಲಜಮ್ಮ ಸೀರೆಗಳನ್ನು ಹರವಿ ಯಾವುದಿರಲಿ ಎಂದು ಕೇಳಿದರೆ, ನೋಡದೆಯೇ ಒಂದನ್ನು ತೋರಿಸಿದಳು.

ಮಾರ್ಚಿನಲ್ಲಿ ಅವಳು ಕಾಲೇಜು ಬಿಡುವ ಸರ್ಟಿಫಿಕೇಟ್ ತರಲು ಕಾಲೇಜಿಗೆ ಹೋದಳು. ಕಾರಿಡಾರಿನ ಕೊನೆಯ ಕೋಣೆಯ ಮುಂದೆ ಮೊದಲ ವರ್ಷದ ಐದಾರು ಜನ ಕಾಗದ ಹಿಡಿದು ನಿಂತಿದ್ದರು. ಒಳಗೆ ರಾಮಸ್ವಾಮಿ ಮೇಷ್ಟ್ರು.

"ದೊರೆಸ್ವಾಮಿ ಸಾಹೇಬ್ರೇ ಅವರ ಮನೆಗೆ ಹೋಗಿ ಕರ್ಕೊಂಡು ಬಂದ್ರಂತೆ. ವಾರಕ್ಕೆರಡು ದಿನ ಬರ್ತಾರೆ," ಎಂದ ಗುಮಾಸ್ತ.

ಶಿವಕುಮಾರಿ ಕೊಂಚ ಹೊತ್ತು ಅಲ್ಲೇ ನಿಂತಳು. ಚೀಲದಲ್ಲಿ ಪ್ರಬಂಧವಿತ್ತು. ಯಾಕೆ ತಂದಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಹೋಗಿ ಸಾಲಿನ ಕೊನೆಯಲ್ಲಿ ನಿಂತಳು.

ಎದುರಿಗೆ ಬಂದ ದೊರೆಸ್ವಾಮಿಯವರು ಅವಳನ್ನು ಕಂಡು ನಿಂತರು. "ಅದು ಇಲ್ಲಿ ಕೊಡು," ಎಂದು ಕೈ ಚಾಚಿದರು. "ಮುಂದಿನ ವರ್ಷ ಮತ್ತೆ ಒಪ್ಪಿಸಬಹುದು."

"ಇನ್ನು ಹನ್ನೆರಡು ದಿನಕ್ಕೆ ನನ್ನ ಮದುವೆ ಸಾರ್. ತುಮಕೂರಿಗೆ ಹೋಗ್ತೀನಿ."

ಚಾಚಿದ ಕೈ ಹಾಗೇ ಉಳಿಯಿತು. "ನನಗೆ ಗೊತ್ತಿರಲಿಲ್ಲ," ಎಂದರು. ಅವಳು ಕಟ್ಟನ್ನು ಕೊಟ್ಟಳು. ಅವರು ಕಿಟಕಿಯ ಹತ್ತಿರ ಹೋಗಿ ಮೂವತ್ತೊಂಬತ್ತನೆಯ ಪುಟ ತೆಗೆದರು. ಜೇಬಿನಿಂದ ಪೆನ್ಸಿಲ್ ತೆಗೆದು ಮೊದಲ ವಾಕ್ಯವನ್ನು ಎರಡು ಸಲ ಓದಿದರು.

"ಇದರಲ್ಲಿ ಎರಡು ವಾಕ್ಯ ಸೇರ್ಕೊಂಡಿದೆ, ಅಲ್ವಾ?"

ಶಿವಕುಮಾರಿ ಬಗ್ಗಿ ನೋಡಿದಳು. "ಮೂರು ಸಾರ್," ಎಂದಳು.