ಮೂವತ್ತೆಂಟು ಸೆಕೆಂಡು

ನಿಧಾನ ಎಂಬ ಮಾತನ್ನು ಅವರು ಸುತರಾಂ ಒಪ್ಪುತ್ತಿರಲಿಲ್ಲ. ಯಾರಾದರೂ ಫೋನು ಮಾಡಿ, "ಸರ್, ನಮ್ಮ ಕಂಪ್ಯೂಟರು ತುಂಬ ನಿಧಾನ," ಎಂದು ಗೋಳು ತೋಡಿಕೊಂಡರೆ ಆ ಕಡೆಯಿಂದ ಬರುತ್ತಿದ್ದ ಮೊದಲ ಪ್ರಶ್ನೆ, "ಎಷ್ಟು ಸೆಕೆಂಡು?" ಎಂಬುದು. ಅದನ್ನು ಯಾರು ಎಣಿಸಿಟ್ಟುಕೊಂಡಿರುತ್ತಾರೆ? "ಒಂದು ಯುಗಾನೇ ಹಿಡಿಯುತ್ತೆ," ಎಂದು ಯಾರಾದರೂ ರೇಗಿದರೆ, "ಯುಗಕ್ಕೆ ನನ್ನ ಹತ್ರ ಮದ್ದಿಲ್ಲ, ಸೆಕೆಂಡಲ್ಲಿ ಹೇಳಿ," ಎಂದು ಅಷ್ಟೇ ಸಮಾಧಾನದಿಂದ ಉತ್ತರಿಸುವರು. ಹೀಗಾಗಿ ನಮ್ಮ ಆಸ್ಪತ್ರೆಯ ಐದು ಮಹಡಿಗಳಲ್ಲೂ ಅವರಿಗೆ ಸೆಕೆಂಡಪ್ಪ ಎಂಬ ಹೆಸರು ಬಿದ್ದಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ದಾದಿಯೊಬ್ಬಳು ಅದನ್ನೇ ನಿಜವಾದ ಹೆಸರೆಂದು ನಂಬಿ, 'ಮಾನ್ಯ ಸೆಕೆಂಡಪ್ಪನವರಲ್ಲಿ ವಿನಂತಿ' ಎಂದು ಅರ್ಜಿ ಬರೆದು ಕಳಿಸಿದಳು. ಅವರು ಮುಖದ ಗೆರೆ ಅಲುಗಿಸದೆ ಅರ್ಜಿಯನ್ನು ಸ್ವೀಕರಿಸಿ, ಅವಳ ಪ್ರಿಂಟರನ್ನು ಸರಿಮಾಡಿಕೊಟ್ಟು ಬಂದರು.

ಕಂಪ್ಯೂಟರು, ಸರ್ವರು, ತಂತಿ ಇವುಗಳ ಯೋಗಕ್ಷೇಮವೆಲ್ಲ ಅವರದು. ಸರ್ವರುಗಳಿದ್ದ ಕೋಣೆ ಸದಾ ಶೀತಲವಾಗಿರುತ್ತಿದ್ದುದರಿಂದ ಬೂದುಬಣ್ಣದ ಒಂದು ಉಣ್ಣೆಯ ಕೋಟನ್ನು ಧರಿಸುತ್ತಿದ್ದರು. ಹೊರಗೆ ಬಂದಾಗ ತೆಗೆಯಬೇಕೆಂಬ ನೆನಪು ಇರುತ್ತಿರಲಿಲ್ಲವೋ, ತೆಗೆದು ಹಾಕುವ ರಗಳೆಯೇ ಬೇಡವೆಂದೋ, ಕಡುಬೇಸಗೆಯಲ್ಲೂ ಅದು ಅವರ ಮೈಮೇಲೆಯೇ ಇರುತ್ತಿತ್ತು. ನಡೆಯುವಾಗ ಬಲಭುಜವನ್ನು ಗೋಡೆಗೆ ತಾಗುವಷ್ಟು ಹತ್ತಿರ ಇಟ್ಟುಕೊಂಡು, ಗೋಡೆಯೂ ಛಾವಣಿಯೂ ಕೂಡುವ ಮೂಲೆಯಲ್ಲಿ ಹಾದುಹೋಗುವ ತಂತಿಗಳ ಮೇಲೆ ದೃಷ್ಟಿ ನೆಟ್ಟು ಸಾಗುತ್ತಿದ್ದರು. ಎದುರಿಗೆ ಬಂದವರ ಮುಖ ನೋಡುವುದಿಲ್ಲವೆಂದು ಕೆಲವರು ಅವರನ್ನು ಗರ್ವಿಯೆಂದು ತಿಳಿದಿದ್ದರು. ನೆಲ ಒರೆಸುವ ಬಕೆಟ್ಟನ್ನು ಅವರು ಎಡವಿ ಬೀಳಿಸಿದ್ದು ಎಷ್ಟು ಸಲವೆಂದು ಕೇಳಿದ್ದರೆ ಅದನ್ನು ಮಾತ್ರ ಅವರು ಎಣಿಸಿರಲಾರರು. ಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟಿಕೊಳ್ಳುತ್ತಿದ್ದರು, ಎದುರಿಗಿದ್ದವರಿಗೆ ಗೊತ್ತಾಗದ ಹಾಗೆ ನೋಡುವುದಕ್ಕೆ.

ಅವರ ಇನ್ನೊಂದು ಹಟ ಎಲ್ಲರನ್ನೂ ಗೋಳುಹುಯ್ದುಕೊಳ್ಳುತ್ತಿತ್ತು. ಕೆಟ್ಟಿದೆ ಎಂದ ಯಂತ್ರವನ್ನು ಅವರು ಕೂಡಲೇ ಮುಟ್ಟುತ್ತಿರಲಿಲ್ಲ. ಒಂದು ಸ್ಟೂಲು ಎಳೆದುಕೊಂಡು, ಕೆಲಸ ಮಾಡುವವರ ಹಿಂದೆ ಕೂತು, "ನಾನಿಲ್ಲ ಅಂದ್ಕೊಂಡು ನಿಮ್ಮ ಕೆಲಸ ನೀವು ಮಾಡಿ," ಎನ್ನುವರು. ಬೆನ್ನ ಹಿಂದೆ ಉಣ್ಣೆಕೋಟಿನ ಮನುಷ್ಯ ಕಣ್ಣು ಮಿಟುಕಿಸದೆ ಕೂತಿರುವಾಗ ಅವರಿಲ್ಲವೆಂದು ತಿಳಿಯುವುದು ಯಾವ ಯೋಗಿಗೆ ಸಾಧ್ಯ? ಒಂದು ಗಂಟೆ ಹೀಗೆ ನೋಡಿದ ಮೇಲೆಯೇ ಅವರ ಕೈ ಕೀಲಿಮಣೆಗೆ ಹೋಗುತ್ತಿದ್ದುದು. ಮನೆಯಲ್ಲೂ ಇದೇ ಪಾಡೆಂದು ಅವರ ಮನೆಯಾಕೆಯೇ ಒಮ್ಮೆ ನನಗೆ ಹೇಳಿ ನಕ್ಕಿದ್ದರು. ಬಚ್ಚಲಿನ ಚಿಲಕ ಕೂಡದೆ ಎರಡು ತಿಂಗಳಾಗಿತ್ತಂತೆ. ಚಿಲಕ ಸರಿಸುವುದನ್ನು ಬಿಟ್ಟು ಇವರು ಬಾಗಿಲು ಏಕೆ ಇಳಿಯಿತೆಂಬುದನ್ನು ಅಳೆಯುತ್ತಿದ್ದರಂತೆ. "ರೀ, ಕಾರಣ ನೀವು ನಿಧಾನಕ್ಕೆ ಹುಡುಕಿ, ಮೊದಲು ನಮ್ಮ ಮಾನ ಕಾಪಾಡಿ ಅಂದೆ," ಎಂದರು ಆಕೆ.

ಇಂಥವರನ್ನು ನಾನು ನನ್ನ ವಿಭಾಗಕ್ಕೆ ಕರೆಸಿದ್ದು, ನಿಜ ಹೇಳಬೇಕೆಂದರೆ, ಒಂದು ಸಹಿಗಾಗಿ.

ನಾನು ಆಗ ವರದಿ ವಿಭಾಗದ ಮುಖ್ಯಸ್ಥ. ರೋಗಿ ಗುಣವಾಗಿ ಮನೆಗೆ ಹೊರಡುವಾಗ ಅವನ ಕೈಗೆ ಕೊಡುವ ವರದಿಯನ್ನು, ವೈದ್ಯರ ಟಿಪ್ಪಣಿ ನೋಡಿ, ನಮ್ಮಲ್ಲಿ ಮೂವರು ಹೆಂಗಸರು ಟೈಪು ಮಾಡುತ್ತಿದ್ದರು. ಹೊರಗೆ ಬೆಂಚಿನ ಮೇಲೆ, ಚೀಲ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಆ ಕಾಗದಕ್ಕಾಗಿ ಜನ ಕಾಯುತ್ತಿದ್ದರು. ಮೂವರಲ್ಲಿ ಹಿರಿಯರಾದವರನ್ನು ಇಡೀ ವಿಭಾಗ ಅಕ್ಕ ಎನ್ನುತ್ತಿತ್ತು. ನನಗಿಂತ ಎರಡು ವರ್ಷ ಚಿಕ್ಕವರಾದರೂ ನಾನೂ ಹಾಗೆಯೇ ಕರೆಯುತ್ತಿದ್ದೆ. ಇಪ್ಪತ್ತಾರು ವರ್ಷದ ಸೇವೆ. ಅವರ ವರದಿಯಲ್ಲಿ ಔಷಧದ ಹೆಸರು ತಪ್ಪಿದ ದಾಖಲೆಯಿರಲಿಲ್ಲ. ಹಿಂದೊಮ್ಮೆ ಕರೆಂಟು ಹೋಗಿ ಪೂರ್ತಿ ಬರೆದ ವರದಿಯೊಂದು ಅಳಿಸಿಹೋಗಿ, ಬಾಣಂತಿಯೊಬ್ಬಳು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆಯವರೆಗೆ ಕಾಯಬೇಕಾಗಿ ಬಂದಿತ್ತಂತೆ. ಅಂದಿನಿಂದ ಅಕ್ಕ ಪ್ರತಿ ಪ್ಯಾರಾ ಮುಗಿದ ಕೂಡಲೇ ಸೇವ್ ಒತ್ತುವುದನ್ನು ವ್ರತದಂತೆ ಪಾಲಿಸಿಕೊಂಡು ಬಂದಿದ್ದರು.

ಆ ವರ್ಷ ಮೇಲಿನವರಿಗೆ, ಒಬ್ಬೊಬ್ಬರು ದಿನಕ್ಕೆ ಎಷ್ಟು ವರದಿ ಮುಗಿಸುತ್ತಾರೆಂದು ತಿಳಿಯುವ ಹುಮ್ಮಸ್ಸು ಹುಟ್ಟಿತು. ಉಳಿದಿಬ್ಬರು ನಲವತ್ತರ ಹತ್ತಿರ, ಅಕ್ಕ ಇಪ್ಪತ್ತೇಳು. ಅವರನ್ನು ನೆಲಮಾಳಿಗೆಯ ಹಳೆಯ ಕಡತಗಳ ಕೋಣೆಗೆ ವರ್ಗ ಮಾಡುವ ಪತ್ರವನ್ನು ನಾನೇ ಬರೆದೆ. ಅವರನ್ನು ಕರೆದು ವಿಷಯ ಹೇಳಿದಾಗ ಅವರು ವಾದಿಸಲಿಲ್ಲ. "ನನ್ನ ಕೈ ನಿಧಾನ ಆಗಿದೆ ಅಂತ ನಂಗೂ ಗೊತ್ತು ಸರ್. ಆದ್ರೆ ಕೆಳಗೆ ಕಳಿಸ್ಬೇಡಿ. ಅಲ್ಲಿಗೆ ಹೋದ್ರೆ ನಾನು ಟೈಪಿಸ್ಟ್ ಅಂತ ಇನ್ನು ಯಾರಿಗೂ ಹೇಳೋ ಹಾಗಿಲ್ಲ," ಎಂದಷ್ಟೇ ಹೇಳಿ, ಎರಡು ಕೈಗಳನ್ನೂ ಸೆರಗಿನೊಳಗೆ ಸೇರಿಸಿಕೊಂಡು ಹೊರಟುಹೋದರು. ನನಗೆ ಕೆಡುಕೆನಿಸಿತು, ಆದರೆ ಪತ್ರವನ್ನು ಹರಿದುಹಾಕುವಷ್ಟು ಕೆಡುಕೆನಿಸಲಿಲ್ಲ. ವರ್ಗಾವಣೆಗೆ ಮುನ್ನ, ಯಂತ್ರದಲ್ಲಿ ದೋಷವಿಲ್ಲ ಎಂದು ತಂತ್ರಜ್ಞರು ಬರೆದುಕೊಡಬೇಕೆಂಬ ನಿಯಮವಿತ್ತು. ಆ ಒಂದು ಸಾಲನ್ನು ಮೊದಲೇ ಟೈಪು ಮಾಡಿಸಿ, ಸಹಿಯ ಜಾಗ ಖಾಲಿ ಬಿಟ್ಟು, ಸೆಕೆಂಡಪ್ಪನವರಿಗೆ ಹೇಳಿಕಳಿಸಿದೆ.

ಅವರು ಬಂದರು, ಸ್ಟೂಲು ಎಳೆದುಕೊಂಡರು, ಅಕ್ಕನ ಹಿಂದೆ ಕೂತರು. ಗಂಟೆ ಕಳೆದ ಮೇಲೆ ಎದ್ದು ಪರೀಕ್ಷೆಗೆ ತೊಡಗಿದರು. ವರದಿಗಳೆಲ್ಲ ಉಳಿಯುವುದು ಯಂತ್ರದಲ್ಲಲ್ಲ, ತಂತಿಯ ಆ ತುದಿಯ ಸರ್ವರಿನಲ್ಲಿ. ಎಲುಬಿನ ಚಿತ್ರವಿದ್ದ ದೊಡ್ಡದೊಂದು ಫೈಲನ್ನು ಅಕ್ಕನ ಯಂತ್ರದಿಂದ ಅಲ್ಲಿಗೆ ಕಳಿಸಿ ನೋಡಿದರು, ಎರಡೇ ಸೆಕೆಂಡು. ತಂತಿ ಸರಿಯಿತ್ತು, ಯಂತ್ರ ಸರಿಯಿತ್ತು. ನಾನು ಕಾಗದ ಮುಂದಿಟ್ಟೆ.

"ಯಂತ್ರ ಸರಿ ಇದೆ ಅಂತ ನೀವೇ ಹೇಳ್ತಿದ್ದೀರಿ. ಸಹಿ ಹಾಕಿಬಿಡಿ, ನಂಗೂ ಒಂದು ಕೆಲಸ ಮುಗಿಯುತ್ತೆ."

"ಯಂತ್ರ ಸರಿ ಇದೆ," ಎಂದರು ಅವರು. "ಆದ್ರೆ ಒಂದೊಂದು ಸೇವ್‌ಗೂ ಮೂವತ್ತೆಂಟು ಸೆಕೆಂಡು ಹಿಡೀತಿದೆ. ಅದೆಲ್ಲಿಂದ ಬಂತು?"

"ಅವರ ಕೈ ನಿಧಾನ."

"ಸೇವ್ ಒತ್ತಿದ ಮೇಲೆ ಅವರ ಕೈ ಮಡಿಲಲ್ಲಿರುತ್ತೆ ಸರ್. ನಾನು ನೋಡ್ತಾ ಕೂತಿದ್ದೆ."

ಆಮೇಲೆ ತಮ್ಮ ಕೋಟಿನ ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದು ನನ್ನ ಮೇಜಿನ ಮೇಲೆ ಹರಡಿದರು. ವರದಿಯೊಂದಕ್ಕೆ ಏಳು ಸಲ ಸೇವ್, ಸಲಕ್ಕೆ ಮೂವತ್ತೆಂಟು, ದಿನಕ್ಕೆ ಇಪ್ಪತ್ತೇಳು ವರದಿ. "ದಿನಕ್ಕೆ ಎರಡು ಗಂಟೆ, ಅದರಲ್ಲಿ ಹದಿನೆಂಟು ಸೆಕೆಂಡು ಕಮ್ಮಿ. ಅಷ್ಟು ಹೊತ್ತು ಆಕೆ ಸುಮ್ನೆ ಕಾಯ್ತಾರೆ. ಉಳಿದ ಹೊತ್ತಲ್ಲಿ ನಿಮ್ಮ ವಿಭಾಗದಲ್ಲಿ ಅವರಷ್ಟು ಬೇಗ ಟೈಪು ಮಾಡೋರು ಇನ್ನೊಬ್ರಿಲ್ಲ." ಖಾಲಿ ಜಾಗ ಖಾಲಿಯೇ ಉಳಿಯಿತು.

ಮರುದಿನ ಮತ್ತೆ ಬಂದರು. ಅಕ್ಕನ ವರದಿಯೊಂದನ್ನು ಸರ್ವರಿನ ಗೊಡವೆಯೇ ಇಲ್ಲದೆ ಆಕೆಯದೇ ಯಂತ್ರದಲ್ಲಿ ಉಳಿಸಿ ನೋಡಿದರು. ಆಗಲೂ ಮೂವತ್ತೆಂಟು. ಹೊಸದಾಗಿ ಖಾಲಿ ಹಾಳೆಯೊಂದನ್ನು ತೆರೆದು, ನಾಲ್ಕು ಸಾಲು ಬರೆದು, ಸರ್ವರಿಗೆ ಕಳಿಸಿದರು. ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯಿತು. ತಪ್ಪು ತಂತಿಯದೂ ಅಲ್ಲ, ಸರ್ವರಿನದೂ ಅಲ್ಲ. ತಡವಿದ್ದದ್ದು ಫೈಲಿನ ಹೊಟ್ಟೆಯೊಳಗೆ.

"ಅಕ್ಕ, ಈ ಫೈಲು ಎಲ್ಲಿಂದ ಬಂತು?" ಎಂದು ಕೇಳಿದರು.

"ಎಲ್ಲಿಂದ ಅಂದ್ರೆ? ಹಳೇ ವರದಿ ತೆಗೀತೀನಿ, ಹೆಸರು ಅಳಿಸ್ತೀನಿ, ಹೊಸ ರೋಗಿ ಹೆಸರು ಹಾಕ್ತೀನಿ. ಒಬ್ಬೊಬ್ಬ ಡಾಕ್ಟರಿಗೂ ಒಂದೊಂದು ಥರ ಮಾತು ಬೇಕು ಸರ್, ಅವೆಲ್ಲ ಹಳೇದ್ರಲ್ಲಿ ಸರಿಯಾಗಿ ಕೂತಿವೆ. ಆ ಹುಡುಗೀರು ಹೊಸ ನಮೂನೆಯಿಂದ ಶುರು ಮಾಡ್ತಾರೆ, ಅದಕ್ಕೇ ತಪ್ಪು ಮಾಡ್ತಾರೆ."

"ಆ ಹಳೇದು ಯಾವುದರಿಂದ ಬಂತು?"

"ಅದಕ್ಕಿಂತ ಹಳೇದ್ರಿಂದ."

ಹೀಗೆ ಇಬ್ಬರೂ ಕೂತು ಮಗನಿಂದ ಅಪ್ಪನಿಗೆ, ಅಪ್ಪನಿಂದ ಅಜ್ಜನಿಗೆ ಎಂಬಂತೆ ಫೈಲುಗಳ ವಂಶವೃಕ್ಷವನ್ನು ಏರುತ್ತ ಹೋದರು. ಹನ್ನೊಂದು ವರ್ಷ ಹಿಂದೆ ಹೋದಾಗ ಮೂಲಪುರುಷ ಸಿಕ್ಕಿದ. ಆ ಮೊದಲ ವರದಿ ಹುಟ್ಟಿದ್ದು ಆಸ್ಪತ್ರೆಯ ಅಂದಿನ ಮಾದರಿ ನಮೂನೆಯಿಂದ. ಆ ನಮೂನೆ ಇದ್ದದ್ದು ಅಂದಿನ ಸರ್ವರಿನಲ್ಲಿ. ಅದರ ವಿಳಾಸ ಫೈಲಿನೊಳಗೆ ದಾಖಲಾಗಿತ್ತು, ಮತ್ತು ಅದರಿಂದ ಹುಟ್ಟಿದ ಸಾವಿರಾರು ವರದಿಗಳೂ ಆ ವಿಳಾಸವನ್ನು ಹೊತ್ತುಕೊಂಡೇ ಹುಟ್ಟಿದ್ದವು. ಆ ಸರ್ವರನ್ನು ಕಿತ್ತು ಆರು ವರ್ಷವಾಗಿತ್ತು. ಅಕ್ಕ ಸೇವ್ ಒತ್ತಿದಾಗಲೆಲ್ಲ ಫೈಲು ಆ ಇಲ್ಲದ ಮನೆಯ ಬಾಗಿಲು ತಟ್ಟಿ, ಯಾರೂ ತೆರೆಯದಿದ್ದಾಗ ಮೂವತ್ತೆಂಟು ಸೆಕೆಂಡು ಕಾದು, ಆಮೇಲೆ ತನ್ನ ದಾರಿ ಹಿಡಿಯುತ್ತಿತ್ತು.

ಸೆಕೆಂಡಪ್ಪನವರು ಪರದೆಯ ಮೇಲಿನ ಆ ವಿಳಾಸವನ್ನು ಬಹಳ ಹೊತ್ತು ನೋಡಿದರು. "ಇದನ್ನ ಕಿತ್ತಿದ್ದು ನಾನು," ಎಂದರು. "ಕೀಳೋಕೆ ಮುಂಚೆ ಯಾರಾದ್ರೂ ಇನ್ನೂ ಬಳಸ್ತಿದ್ದಾರಾ ಅಂತ ಒಂದೊಂದು ಮೇಜಿಗೂ ಹೋಗಿ ನೋಡ್ಬೇಕಿತ್ತು. ಯಾರೂ ಬಳಸ್ತಿಲ್ಲ ಅಂತ ಬರೆದು ಸಹಿ ಹಾಕಿದ್ದೀನಿ."

ವಿಳಾಸವನ್ನು ಅಳಿಸಿ ಇಂದಿನದನ್ನು ಬರೆಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ. "ಒತ್ತಿ ಅಕ್ಕ," ಎಂದರು. ಅಕ್ಕ ಸೇವ್ ಒತ್ತಿ, ಅಭ್ಯಾಸದಂತೆ ಕೈಗಳನ್ನು ಮಡಿಲಿಗೆ ತಂದರು. ಅಷ್ಟರಲ್ಲಿ ಮುಗಿದೇ ಹೋಗಿತ್ತು. ಅವರು ನಂಬಲಿಲ್ಲ. ಒಂದಕ್ಷರ ಸೇರಿಸಿ ಮತ್ತೆ ಒತ್ತಿದರು, ಮತ್ತೆ ಒತ್ತಿದರು. ಸಂತೋಷಪಡುವರೆಂದು ನಾನು ಕಾಯುತ್ತಿದ್ದೆ; ಅವರು ನಮ್ಮಿಬ್ಬರ ಕಡೆಗೂ ತಿರುಗಿ ನೋಡಿದ ನೋಟದಲ್ಲಿ ಸಂತೋಷವಿರಲಿಲ್ಲ.

"ಆರು ವರ್ಷ," ಎಂದರು ಅಕ್ಕ. "ಸೇವ್ ಆಗೋಕೆ ಎಲ್ಲರಿಗೂ ಅಷ್ಟು ಹೊತ್ತು ಹಿಡಿಯುತ್ತೆ ಅಂದ್ಕೊಂಡಿದ್ದೆ. ದಿನಾ ಬೆಳಗ್ಗೆ ಬಿಸಿನೀರಲ್ಲಿ ಕೈ ಅದ್ದಿಕೊಂಡು ಬರ್ತಿದ್ದೆ. ವಯಸ್ಸಾಯ್ತು, ಬೆರಳು ಸತ್ತುಹೋಯ್ತು ಅಂತ ನನ್ನನ್ನೇ ನಾನು ಬೈಕೊಂಡೆ. ಮನೇಲಿ ತಂಗಿ ಮುಂದೆ ಕೂಡ ಕೈ ಚಾಚೋಕೆ ನಾಚಿಕೆ ಆಗ್ತಿತ್ತು. ಆಗ ನೀವ್ಯಾಕೆ ಬಂದು ನೋಡ್ಲಿಲ್ಲ ಸರ್?"

"ಬಂದಿದ್ದೆ ಅಕ್ಕ. ನೀವು ಊಟಕ್ಕೆ ಹೋಗಿದ್ರಿ. ನಾನು ಕಾಯ್ಲಿಲ್ಲ."

ಇದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಕೆಲಸದ ಒತ್ತಡವಿತ್ತೆಂದಾಗಲಿ, ಮೇಲಿನವರು ಅವಸರಪಡಿಸಿದರೆಂದಾಗಲಿ ಅವರು ಹೇಳಲಿಲ್ಲ. ಅಕ್ಕ ಮುಂದಿನ ವರದಿಯನ್ನು ತೆರೆದರು. ಹೊರಗೆ ಬೆಂಚಿನ ಮೇಲೆ ಜನ ಕಾಯುತ್ತಿದ್ದರು.

ನನಗೋ ಎದೆಯ ಭಾರ ಇಳಿದಂತಾಗಿತ್ತು. ಯಾವುದೋ ಸತ್ತ ಸರ್ವರಿನ ತಪ್ಪು. ಬದುಕಿರುವ ಯಾರಿಗೂ ಅಂಟಬೇಕಾಗಿಲ್ಲ. ಸೆಕೆಂಡಪ್ಪನವರು ನನ್ನ ಕೋಣೆಯಲ್ಲಿ ಕೂತು ವರದಿ ಬರೆಯುವಾಗ ನಾನು ಸ್ನೇಹಭಾವದಿಂದಲೇ ಹೇಳಿದೆ: "ಹಳೆಯ ಸರ್ವರ್ ಬದಲಾದಾಗ ಆದ ತಾಂತ್ರಿಕ ತೊಂದರೆ ಅಂತ ಬರೆದ್ರೆ ಸಾಕು. ನಿಮ್ಮ ಬಡ್ತಿಯ ಕಡತ ಮೇಲೆ ಹೋಗಿರೋ ಹೊತ್ತು. ಯಾಕೆ ಸುಮ್ನೆ ಮೈಮೇಲೆ ಎಳ್ಕೊಳ್ತೀರಿ?"

"ಸರ್ವರಿಗೆ ಕೈಯಿಲ್ಲ ಸರ್, ಸಹಿ ಹಾಕೋಕೆ," ಎಂದರು. ಕಾರಣ ಎಂದು ಅಚ್ಚಾಗಿದ್ದ ಕಡೆ ತಮ್ಮ ಪೂರ್ಣ ಹೆಸರನ್ನು ಬರೆದು, ಆರು ವರ್ಷದ ಹಿಂದಿನ ಆ ದಿನಾಂಕವನ್ನೂ ಬರೆದು, ಅಕ್ಕನ ಕೆಲಸದಲ್ಲಿ ಯಾವ ನ್ಯೂನತೆಯೂ ಇರಲಿಲ್ಲವೆಂಬ ಸಾಲಿನ ಕೆಳಗೆ ಗೆರೆ ಎಳೆದು, ಹಾಳೆಯನ್ನು ನನ್ನ ಕಡೆ ತಳ್ಳಿದರು.

ಅದರ ಕೆಳಗೆ ವಿಭಾಗದ ಮುಖ್ಯಸ್ಥರ ಅಭಿಪ್ರಾಯಕ್ಕೆ ಮೂರು ಸಾಲಿನ ಜಾಗವಿತ್ತು. ಆರು ವರ್ಷ ಅದೇ ಕೋಣೆಯಲ್ಲಿ ಓಡಾಡಿದ್ದ ನಾನು ಒಂದು ದಿನವೂ ಆಕೆಯ ಹಿಂದೆ ನಿಂತು ನೋಡಲಿಲ್ಲವೆಂದು ಬರೆಯುವುದಕ್ಕೆ ಮೂರು ಸಾಲು ಧಾರಾಳವಾಗಿ ಸಾಕಾಗುತ್ತಿತ್ತು. ನಾನು 'ಒಪ್ಪಿದೆ' ಎಂದಷ್ಟೇ ಬರೆದು ಸಹಿ ಮಾಡಿದೆ.

ಅಕ್ಕ ಅದೇ ಕುರ್ಚಿಯಲ್ಲಿ ಉಳಿದರು. ಉಳಿದ ಹಳೆಯ ಫೈಲುಗಳ ವಿಳಾಸವೂ ಬದಲಾಗಿ, ತಿಂಗಳೊಳಗೆ ಅವರ ದಿನದ ವರದಿಗಳು ಮೂವತ್ತೊಂಬತ್ತಕ್ಕೆ ಏರಿದವು; ಪ್ಯಾರಾಕ್ಕೊಂದು ಸೇವ್ ಮಾತ್ರ ಬಿಡಲಿಲ್ಲ. ಸೆಕೆಂಡಪ್ಪನವರ ಸೇವಾಪುಸ್ತಕದಲ್ಲಿ ಎಚ್ಚರಿಕೆಯೊಂದು ದಾಖಲಾಯಿತು, ಆ ವರ್ಷದ ಬಡ್ತಿ ಇನ್ನೊಬ್ಬರ ಪಾಲಾಯಿತು. ಅವರಲ್ಲಿ ಅದರ ಕಹಿ ನನಗೆ ಕಾಣಲಿಲ್ಲ. ನನ್ನ ಸೇವಾಪುಸ್ತಕದಲ್ಲಿ ಏನೂ ದಾಖಲಾಗಲಿಲ್ಲ.

ತಪ್ಪಿನ ಜಾಡು ಹಿಡಿದು ಹೊರಡುವ ಜನ ಲೋಕದಲ್ಲಿ ಬೇಕಾದಷ್ಟಿದ್ದಾರೆ. ನಾನೂ ಅವರಲ್ಲೊಬ್ಬ, ಪತ್ರ ಬರೆದವನಲ್ಲವೇ? ಆದರೆ ಆ ಜಾಡು ತಿರುಗಿ ತಿರುಗಿ ತನ್ನದೇ ಹೊಸ್ತಿಲಿಗೆ ಬಂದಾಗಲೂ ಹೆಜ್ಜೆಯ ಗತಿಯನ್ನು ಬದಲಿಸದೆ ಒಳಗೆ ನಡೆದುಹೋಗುವವರು ವಿರಳ. ಅವರನ್ನು ಸತ್ಯಸಂಧರೆಂದು ಕರೆದರೆ ಅವರೇ ಮುಜುಗರಪಟ್ಟಾರು. ಅವರಿಗೆ ಅದು ಮುಗಿಸಬೇಕಾದ ಕೆಲಸದ ಕೊನೆಯ ಭಾಗ, ಅಷ್ಟೆ. ಅವರು ಯಾರನ್ನೂ ದೂರುವುದಿಲ್ಲ, ಯಾರಿಗೂ ಬುದ್ಧಿ ಹೇಳುವುದಿಲ್ಲ. ತಮ್ಮ ಹೆಸರನ್ನು ಬರೆಯಬೇಕಾದ ಕಡೆ ಬರೆದು ಎದ್ದುಹೋಗುತ್ತಾರೆ. ಅದರ ಕೆಳಗೆ ನಾವು ಬರೆಯದೆ ಬಿಟ್ಟ ಮೂರು ಸಾಲನ್ನು ಉಳಿದ ಆಯುಷ್ಯವೆಲ್ಲ ನೋಡುತ್ತ ಕೂರುವುದು ನಮ್ಮಂಥವರ ಪಾಲಿಗೆ ಉಳಿಯುತ್ತದೆ.