ಹೊಗೆ ಬಿಡದ ಎಂಜಿನ್

ಗಂಡನ ಶವದ ತಲೆದೆಸೆಯಲ್ಲೇ ಪುಟ್ಟ ರೈಲುಹಳಿ ಜೋಡಿಸುತ್ತ ಕೂತವನನ್ನು ಕಂಡು ಅವಳಿಗೆ ಮೈಯೆಲ್ಲ ಉರಿಯಿತು. ಅವನು, ಗಂಡ ಸದಸ್ಯನಾಗಿದ್ದ ಮಾದರಿ ರೈಲು ಸಂಘದ ಅಧ್ಯಕ್ಷ. ಸದಸ್ಯ ಸತ್ತರೆ ಅವನು ಮಾಡಿದ ಕೊನೆಯ ಎಂಜಿನ್ನನ್ನು ಹೊಗೆ ಬಿಡಿಸುತ್ತ ಒಂದು ಸುತ್ತು ಓಡಿಸಿ, ಆಮೇಲೆ ಸಂಘದ ಗಾಜಿನ ಕಪಾಟಿಗೆ ಸೇರಿಸುವುದು ಇವರ ಪದ್ಧತಿಯಂತೆ. ಮೊಮ್ಮಕ್ಕಳನ್ನು ಕಂಡ ಬೊಕ್ಕತಲೆಯ ಗಂಡಸರು!

"ಬೇಗ ಮುಗಿಸ್ರಿ," ಎಂದಳು. "ಬೀರುವಿನಲ್ಲಿರೋ ಎಂಜಿನ್ನುಗಳನ್ನೂ ಹೊತ್ಕೊಂಡು ಹೋಗಿ. ಇವರ ಜೊತೆಗೇ ಆ ಪೀಡೆಯೂ ಇವತ್ತೇ ತೊಲಗ್ಲಿ."

"ಇವರ ಹಾಗೆ ಎಂಜಿನ್ ಚಾವಣಿ ಮಾಡೋರು ಇನ್ನೊಬ್ಬರಿಲ್ಲಮ್ಮ." ಅಧ್ಯಕ್ಷ ಎಂಜಿನ್ನನ್ನು ಕೂಸಿನಂತೆ ಎತ್ತಿ ಹಿಡಿದ. "ಈ ಫ್ಯಾನಿನ ಜಾಲರಿ ನೋಡಿ. ಹೊಗೆ ಕೊಳವೆಗೆ ಮಸಿ ಸಹ ಬಳಿದಿದ್ದಾರೆ."

ಮೀಟರ್ ಓದುವ ನೌಕರಿ ಮುಗಿಸಿ ಮನೆಗೆ ಬಂದೊಡನೆ ಭೂತಗನ್ನಡಿ ಹಿಡಿದು ಕೂರುತ್ತಿದ್ದ ಗಂಡ. ಬೆರಳುಗುರಿನಷ್ಟಿಲ್ಲದ ಜಾಲರಿಗೆ ಬಣ್ಣ ಹಚ್ಚಲು ವಾರಗಟ್ಟಲೆ. ಹೆಂಡತಿಯ ಜೊತೆ ಎರಡು ಮಾತಾಡಲು ಪುರುಸೊತ್ತಿಲ್ಲ. ಇಂಥವನನ್ನು ಕಟ್ಟಿಕೊಂಡು ಆಯುಸ್ಸು ಸವೆಸಿದೆನಲ್ಲ ಎಂದು ಅವಳಿಗೆ ತನ್ನ ಮೇಲೂ ಹೇಸಿಗೆಯಾಯಿತು.

*

ಮಗಳಿನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ಊಟದ ಮೇಜಿನ ಮೇಲೆ ಡೀಸೆಲ್ ಎಂಜಿನ್ ಇಟ್ಟು, ಅದರ ಕೊಳವೆಗೆ ನಾಲ್ಕು ತೊಟ್ಟು ಎಣ್ಣೆ ಬಿಟ್ಟು, "ನೋಡೇ, ನಿಜವಾದ ಹೊಗೆ!" ಎಂದು ಗಂಡ ಕುಣಿದಿದ್ದ. ಹೆಂಡತಿಗೆ ಮೊದಲೇ ಉಬ್ಬಸ. ಕೆಮ್ಮು ಹತ್ತಿ, ಉಸಿರು ಕಟ್ಟಿ ಆಸ್ಪತ್ರೆ ಸೇರಿದಳು. ಮರಳಿ ಬಂದ ದಿನವೇ ನೋಡುತ್ತಾಳೆ, ತನ್ನ ರೈಲಿನ ಕೋಣೆಯಲ್ಲಿ ಮತ್ತೆ ಎಂಜಿನ್ನಿನ ಚಾವಣಿ ಬಿಚ್ಚಿಕೊಂಡು ಕೂತಿದ್ದಾನೆ! ನಾಚಿಕೆಗೆಟ್ಟವನು ಎಂದುಕೊಂಡು ಕೋಣೆಯ ಬಾಗಿಲನ್ನು ದಢಾರನೆ ಎಳೆದಳು. ಮತ್ತೆಂದೂ ಆ ಕೋಣೆಗೆ ಕಾಲಿಡಲಿಲ್ಲ.

*

ಎಂಜಿನ್ ಸುತ್ತು ಹಾಕಿತು. ಹೊಗೆ ಬರಲಿಲ್ಲ. ಅಧ್ಯಕ್ಷ ಎಣ್ಣೆ ಬಿಟ್ಟ. ಅದು ಒಳಗಿಳಿಯದೆ ಚಾವಣಿಯ ಮೇಲೆಲ್ಲ ಹರಿಯಿತು. ಚಾವಣಿ ಕಳಚಿ ನೋಡಿದರೆ ಕೊಳವೆಯ ಬುಡಕ್ಕೆ ಅಂಟು ಮೆತ್ತಿತ್ತು. ಹೊಗೆ ಹುಟ್ಟಿಸುವ ಡಬ್ಬಿ ಇರಬೇಕಾದ ಜಾಗ ಖಾಲಿ.

"ಹೊಗೆ ಕೇಳಿದಾಗೆಲ್ಲ ಎಣ್ಣೆ ಮುಗಿದಿದೆ, ಎಣ್ಣೆ ಮುಗಿದಿದೆ ಅಂತ ಇಷ್ಟು ವರ್ಷ ನಮಗೆ ಟೋಪಿ ಹಾಕಿದಾನೆ!" ಅಧ್ಯಕ್ಷ ಮುಖ ಸಿಂಡರಿಸಿದ. "ಹೊಗೆಯಿಲ್ಲದ್ದು ಕಪಾಟಿಗೆ ಸೇರಲ್ಲ. ಇದು ಬರೀ ಆಟದ ಸಾಮಾನು."

"ಎಲ್ಲಾ ಎಂಜಿನ್ನೂ ಹಾಗೇ," ಮಗಳು ಮೆಲ್ಲಗೆ ಹೇಳಿದಳು. "ಅಮ್ಮ ಆಸ್ಪತ್ರೆಯಿಂದ ಬಂದ ದಿನ ಅಪ್ಪ ಎಲ್ಲದರಿಂದಲೂ ಹೊಗೆ ಡಬ್ಬಿ ಕಿತ್ತು ಹಾಕಿದ್ರು. ಆಮೇಲೆ ಮಾಡಿದ್ದಕ್ಕೆ ಹಾಕಲೇ ಇಲ್ಲ."

"ನನಗೊಂದು ಮಾತು ಹೇಳೋಕೆ ಅವರಿಗೇನಾಗಿತ್ತು?"

"ನೀನು ಆ ಬಾಗಿಲು ತೆಗೀತಿರಲಿಲ್ವಲ್ಲಮ್ಮ."

ಸತ್ತವನ ಮೇಲೆ ಅವಳಿಗೆ ಕೆಂಡದಂಥ ಕೋಪ ಬಂತು. ಆ ಅಂಟನ್ನು ಬಾಯಿಗೂ ಮೆತ್ತಿಕೊಂಡಿದ್ದನೇ, ಮುಠ್ಠಾಳ! ಕೋಪದ ಬೆನ್ನಿಗೇ ಅಳು ನುಗ್ಗಿತು.

ಹೊರಗೆ ಶವದ ಗಾಡಿ ಬಂದು ನಿಂತಿತು. ಅಧ್ಯಕ್ಷ ಎಂಜಿನ್ನನ್ನು ನೆಲದ ಮೇಲೆ ಬಿಟ್ಟು ಹಳಿ ಬಿಚ್ಚತೊಡಗಿದ್ದ.

"ಇದನ್ನೂ ಬೀರುವಿನದ್ದನ್ನೂ ಯಾರೂ ಮುಟ್ಟಕೂಡದು," ಎಂದಳು ಅವಳು.

ನೆಲಕ್ಕೆ ಕೂತು, ಸೀರೆಯ ಅಂಚಿನಿಂದ ಎಣ್ಣೆ ಒರೆಸಿ, ಚಾವಣಿಯನ್ನು ಎಂಜಿನ್ನಿನ ಮೇಲೆ ಒತ್ತಿ ಕೂರಿಸಿದಳು. ಅದು ಹಿಂದುಮುಂದಾಗಿ ಕೂತಿತು. ಮುಂದಕ್ಕೆ ನೋಡಬೇಕಾದ ಹಾರ್ನ್ ಹಿಂದಕ್ಕೆ ಬಾಯಿ ತೆರೆದಿತ್ತು. ತಿದ್ದಲು ಅಧ್ಯಕ್ಷನ ಕೈ ತಾನಾಗಿ ಮುಂದೆ ಬಂತು. ಅವಳು ತಲೆಯೆತ್ತಿ ಅವನ ಮುಖ ನೋಡಿದಳು. ಕೈ ಹಾಗೇ ಜೇಬಿಗಿಳಿಯಿತು.